ಓಟ್ಸ್ ಸೋಪು: ಪುಡಿಯ ನಯ, ಹಾಕುವ ಹೊತ್ತು, ಮಳೆಗಾಲದ ಒಣಗು

ಮನೆಯಲ್ಲಿ ಮಾಡಿದ ಓಟ್ಸ್ ಸೋಪು ಮೈ ಕೆರೆಯುತ್ತದೆ, ಲೋಳೆಯಾಗುತ್ತದೆ, ಬೂಷ್ಟು ಹಿಡಿಯುತ್ತದೆ ಎಂಬ ಮೂರು ದೂರಿಗೂ ಬೇರು ಒಂದೇ. ಓಟ್ಸ್ ಒಂದು ಧಾನ್ಯ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಿಷ್ಟ. ಅಕ್ಕಿ ನುಚ್ಚಿಗೆ ನೀರೂ ಶಾಖವೂ ಸಿಕ್ಕರೆ ಗಂಜಿಯಾಗುವಂತೆ ಇದೂ ಆಗುತ್ತದೆ. ಎಣ್ಣೆಯನ್ನು ಸೋಪಾಗಿಸುವ ಕಾಸ್ಟಿಕ್ ಸೋಡಾದ ನೀರಿಗೆ ಬಿದ್ದರಂತೂ ಒಲೆಯೇ ಬೇಡ, ಕ್ಷಾರವೇ ಪಿಷ್ಟವನ್ನು ಉಬ್ಬಿಸಿ ಅಂಟು ಮಾಡಿಬಿಡುತ್ತದೆ. ಹಾಗಾಗಿ ಓಟ್ಸನ್ನು ಹಿಟ್ಟಿಗಿಂತ ನಯವಾಗಿ ಪುಡಿ ಮಾಡಬೇಕು, ಸ್ವಲ್ಪವೇ ಹಾಕಬೇಕು, ನೀರಿನಲ್ಲಲ್ಲದೆ ಎಣ್ಣೆಯಲ್ಲಿ ಕಲಸಬೇಕು, ಎಲ್ಲದರ ಕೊನೆಗೆ ಸೇರಿಸಬೇಕು. ಈ ಬರಹದ ಉಳಿದದ್ದೆಲ್ಲ ಇದರ ವಿವರವೇ.

ಯಾವ ಓಟ್ಸ್

ಅಂಗಡಿಯಲ್ಲಿ ಸಿಗುವ ಸಾದಾ ರೋಲ್ಡ್ ಓಟ್ಸ್ ಅಥವಾ ಬೇಗ ಬೇಯುವ ಇನ್‌ಸ್ಟಂಟ್ ಓಟ್ಸ್ ಎರಡೂ ಆಗುತ್ತವೆ. ಇನ್‌ಸ್ಟಂಟ್‌ನದು ತೆಳು ಅವಲಿನಂಥ ಚಕ್ಕೆ, ಮಿಕ್ಸಿಯಲ್ಲಿ ಬೇಗ ನಯವಾಗುತ್ತದೆ. ಸ್ಟೀಲ್ ಕಟ್ ಓಟ್ಸ್ ಬೇಡ, ಅದು ಎಷ್ಟು ತಿರುಗಿಸಿದರೂ ಸಣ್ಣ ಕಲ್ಲಿನಂತೆ ಉಳಿದುಬಿಡುತ್ತದೆ. ಮಸಾಲೆ ಓಟ್ಸ್ ಪೊಟ್ಟಣವನ್ನು ಮುಟ್ಟಲೇಬೇಡಿ, ಅದರಲ್ಲಿ ಉಪ್ಪು, ಮೆಣಸಿನ ಪುಡಿ ಇರುತ್ತವೆ.

ಇಡೀ ಚಕ್ಕೆಗಳನ್ನೇ ಸೋಪಿನಲ್ಲಿ ಹಾಕಿದ ಚಿತ್ರಗಳು ನೋಡಲು ಚಂದ. ಮೀಯುವಾಗ ಮಾತ್ರ ಒಣಗಿದ ಚಕ್ಕೆಯ ಅಂಚು ಚರ್ಮಕ್ಕೆ ಗೀರುತ್ತದೆ, ನೆನೆದ ಮೇಲೆ ಅದೇ ಚಕ್ಕೆ ಲೋಳೆಯಾಗಿ ಉದುರುತ್ತದೆ. ಕಾಲಿನ ಹಿಮ್ಮಡಿ ತಿಕ್ಕಲು ಬೇಕೆಂದೇ ಮಾಡುವ ಸೋಪಿಗೆ ಒರಟು ಪುಡಿ ಸರಿ, ಮುಖಕ್ಕೂ ಮಕ್ಕಳಿಗೂ ಅಲ್ಲವೇ ಅಲ್ಲ.

ಪುಡಿ ಮಾಡುವುದು

ಈ ಹೆಜ್ಜೆಗೆ ಸಮಯ ಕೊಡಿ. ಕರಾವಳಿಯಲ್ಲಿ ಓಟ್ಸ್ ಪೊಟ್ಟಣ ಒಮ್ಮೆ ಒಡೆದರೆ ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಮೆತ್ತಗಾದ ಓಟ್ಸ್ ಮಿಕ್ಸಿಯಲ್ಲಿ ಪುಡಿಯಾಗುವುದಿಲ್ಲ, ಜಾರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಮೊದಲು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 3–4 ನಿಮಿಷ ಬೆಚ್ಚಗೆ ಮಾಡಿ. ಬಣ್ಣ ತಿರುಗಬಾರದು, ಬೆರಳಲ್ಲಿ ಒತ್ತಿದರೆ ಚಟ್ಟನೆ ಮುರಿಯಬೇಕು, ಅಷ್ಟು ಸಾಕು. ಪೂರ್ತಿ ತಣಿದ ಮೇಲೆ, ಒಣಗಿದ ಸಣ್ಣ ಜಾರಿನಲ್ಲಿ ಹತ್ತು ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ ಪುಡಿ ಮುದ್ದೆಗಟ್ಟುತ್ತದೆ.

ಆಮೇಲೆ ಮೈದಾ ಜರಡಿಯಲ್ಲಿ ಅಥವಾ ತೆಳು ಮಲ್ ಬಟ್ಟೆಯಲ್ಲಿ ಜಾಳಿಸಿ. ಮೇಲೆ ಉಳಿದ ತರಿಯನ್ನು ಮತ್ತೆ ಮಿಕ್ಸಿಗೆ ಹಾಕಿ. ಎರಡನೇ ಸಲವೂ ಉಳಿಯುವ ಕಂದು ತೌಡಿನ ಚೂರುಗಳೇ ಮೈ ಕೆರೆಯುವುದು, ಅವನ್ನು ದೋಸೆ ಹಿಟ್ಟಿಗೆ ಹಾಕಿಕೊಳ್ಳಿ. ಪುಡಿ ಸರಿಯಾಗಿದೆಯೇ ಎಂದು ನೋಡಲು ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲಕಿ. ನೀರು ಹಾಲಿನಂತೆ ಬೆಳ್ಳಗಾಗಿ ಒಂದೆರಡು ನಿಮಿಷವಾದರೂ ಹಾಗೇ ನಿಲ್ಲಬೇಕು, ಕೈ ಅದ್ದಿದರೆ ಬೆರಳು ರೇಷ್ಮೆಯಂತೆ ಜಾರಬೇಕು. ಕೂಡಲೇ ತಳಕ್ಕೆ ಕೂತು ಮೇಲೆ ತಿಳಿನೀರು ಕಂಡರೆ ಇನ್ನೂ ಒರಟು. ಕೊಲಾಯ್ಡಲ್ ಓಟ್‌ಮೀಲ್ ಎಂದು ಮಾರುವುದು ಇದನ್ನೇ ಇನ್ನೂ ನುಣ್ಣಗೆ ಮಾಡಿದ ಪುಡಿ.

ಓಟ್ಸಿನಲ್ಲಿ ನೂರಕ್ಕೆ ಆರೇಳು ಪಾಲು ಕೊಬ್ಬಿದೆ, ಪುಡಿ ಮಾಡಿದ ಮೇಲೆ ಅದು ಬೇಗ ಕಮಟುತ್ತದೆ. ಸೋಪು ಮಾಡುವ ದಿನವೇ ಪುಡಿ ಮಾಡಿ, ಡಬ್ಬಿ ತುಂಬಿಟ್ಟುಕೊಳ್ಳಬೇಡಿ.

ಎಷ್ಟು ಹಾಕಬೇಕು

ಎಣ್ಣೆಯ ತೂಕದ ಶೇ. 2ರಿಂದ 3. ಅಂದರೆ 500 ಗ್ರಾಂ ಎಣ್ಣೆಗೆ 10–15 ಗ್ರಾಂ ನಯ ಪುಡಿ, ಸುಮಾರು ಎರಡು ದೊಡ್ಡ ಚಮಚ. ಮೊದಲ ಸಲ ಮಾಡುವವರು 10 ಗ್ರಾಂನಲ್ಲೇ ನಿಲ್ಲಿ. ಶೇ. 5 ದಾಟಿದರೆ ನೊರೆ ಕಡಿಮೆಯಾಗುತ್ತದೆ, ಬಿಲ್ಲೆ ಪುಡಿಪುಡಿಯಾಗಿ ಅಂಚು ಉದುರುತ್ತದೆ, ಬಚ್ಚಲಲ್ಲಿ ನೀರು ಹೀರಿಕೊಂಡು ಉಬ್ಬುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂಬ ಲೆಕ್ಕ ಸೋಪಿಗೆ ಹೊಂದುವುದಿಲ್ಲ.

ಅಳತೆ

ಸುಮಾರು 100 ಗ್ರಾಂನ ಏಳು ಬಿಲ್ಲೆಗಳಿಗೆ:

ಕೊಬ್ಬರಿ ಎಣ್ಣೆ – 200 ಗ್ರಾಂ
ತೌಡಿನ ಎಣ್ಣೆ, ಅಂದರೆ ಅಂಗಡಿಯ ರೈಸ್ ಬ್ರಾನ್ ಎಣ್ಣೆ – 200 ಗ್ರಾಂ
ಮುರುಗಲು ತುಪ್ಪ, ಅಂದರೆ ಕೋಕಂ ಬೀಜದ ಕೊಬ್ಬು – 60 ಗ್ರಾಂ
ಹರಳೆಣ್ಣೆ – 40 ಗ್ರಾಂ
ಕಾಸ್ಟಿಕ್ ಸೋಡಾ – 72 ಗ್ರಾಂ
ನೀರು – 150 ಗ್ರಾಂ
ಓಟ್ಸ್ ಪುಡಿ – 12 ಗ್ರಾಂ

ಎಲ್ಲವೂ ತೂಕದ ಅಳತೆ, ನೀರೂ ಸಹ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದೆ ಕಾಸ್ಟಿಕ್ ಸೋಡಾದ ಕೆಲಸಕ್ಕೆ ಕೈ ಹಾಕಬೇಡಿ. ಒಂದೊಂದು ಎಣ್ಣೆ ಸೋಪಾಗಲು ಬೇಕಾದ ಸೋಡಾ ಬೇರೆ ಬೇರೆ. ಕೊಬ್ಬರಿ ಎಣ್ಣೆಗೆ ಗ್ರಾಂಗೆ 0.183, ತೌಡಿನ ಎಣ್ಣೆಗೆ 0.133, ಮುರುಗಲು ತುಪ್ಪಕ್ಕೆ 0.135, ಹರಳೆಣ್ಣೆಗೆ 0.128. ಕೂಡಿದರೆ 76.4 ಗ್ರಾಂ ಆಗುತ್ತದೆ. ಅದರಲ್ಲಿ ಸುಮಾರು ಶೇ. 6 ಕಡಿಮೆ ಮಾಡಿದರೆ 72. ಹಾಗೆ ಬಿಟ್ಟಷ್ಟು ಎಣ್ಣೆ ಸೋಪಾಗದೆ ಉಳಿದು ಚರ್ಮ ಒಣಗದಂತೆ ಕಾಯುತ್ತದೆ. ಮುರುಗಲು ತುಪ್ಪ ಸಿಗದಿದ್ದರೆ ಅಷ್ಟೇ ತೂಕದ ತೌಡಿನ ಎಣ್ಣೆ ಹಾಕಬಹುದು, ಸೋಡಾದ ಲೆಕ್ಕ ಬದಲಾಗದು, ಅಚ್ಚಿನಲ್ಲಿ ಒಂದು ದಿನ ಹೆಚ್ಚು ಬೇಕಾಗಬಹುದು. ಕೊಬ್ಬರಿ ಎಣ್ಣೆಯನ್ನು ಮಾತ್ರ ಲೆಕ್ಕ ಹಾಕದೆ ಹೆಚ್ಚುಕಡಿಮೆ ಮಾಡಬೇಡಿ.

ಮನೆಯಲ್ಲಿ ಗಾಣದ ಕೊಬ್ಬರಿ ಎಣ್ಣೆ ಬಿಟ್ಟು ಬೇರೇನೂ ಇಲ್ಲವೆಂದರೆ ಅದರಲ್ಲೇ ಮಾಡಬಹುದು: 500 ಗ್ರಾಂ ಎಣ್ಣೆ, 73 ಗ್ರಾಂ ಸೋಡಾ, 150 ಗ್ರಾಂ ನೀರು. ಇಲ್ಲಿ ಶೇ. 20 ಎಣ್ಣೆ ಉಳಿಯುವಂತೆ ಲೆಕ್ಕ ಹಾಕಿದೆ, ಇಲ್ಲದಿದ್ದರೆ ಬರೀ ಕೊಬ್ಬರಿ ಎಣ್ಣೆಯ ಸೋಪು ಮೈಯನ್ನು ಬಿಗಿ ಹಿಡಿಸುತ್ತದೆ. ಸಮುದ್ರದ ಹತ್ತಿರದ ಉಪ್ಪುಬಾವಿ ನೀರಿನಲ್ಲೂ ನೊರೆ ಬರುವುದು ಈ ಸೋಪಿನ ದೊಡ್ಡ ಗುಣ.

ಮುರುಗಲು ತುಪ್ಪದ ಬಗ್ಗೆ ಒಂದು ಮಾತು. ಶಿರಸಿ, ಸಿದ್ದಾಪುರ ಕಡೆ ಹಳ್ಳಿಮನೆಗಳಲ್ಲಿ ಬೀಜ ಕುಟ್ಟಿ ನೀರಿನಲ್ಲಿ ಕುದಿಸಿ ತೆಗೆದ ತುಪ್ಪದ ಉಂಡೆಯಲ್ಲಿ ಬೀಜದ ಹೊಟ್ಟೂ ನೀರಿನ ಅಂಶವೂ ಉಳಿದಿರುತ್ತವೆ. ತೂಗುವ ಮೊದಲೇ ಕರಗಿಸಿ, ಚಟಪಟ ಸದ್ದು ನಿಲ್ಲುವವರೆಗೆ ಸಣ್ಣ ಉರಿಯಲ್ಲಿಟ್ಟು, ಬಟ್ಟೆಯಲ್ಲಿ ಸೋಸಿ. ಆಮೇಲೆ ತೂಗಿ. ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದ ಈ ತುಪ್ಪ ಸೋಪನ್ನು ಗಟ್ಟಿ ಮಾಡುತ್ತದೆ. ಓಟ್ಸ್ ಸೋಪಿಗೆ ಆ ಗಟ್ಟಿತನ ಬೇಕೇ ಬೇಕು.

ಕಾಸ್ಟಿಕ್ ಸೋಡಾ

ಅಡುಗೆ ಸೋಡಾ, ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಮೂರೂ ಬೇರೆ ಬೇರೆ. ಮೊದಲಿನ ಎರಡರಿಂದ ಈ ಸೋಪು ಆಗುವುದಿಲ್ಲ. ಬಚ್ಚಲ ಮೋರಿ ಬಿಡಿಸುವ ಪುಡಿಯನ್ನು ತರಬೇಡಿ, ಕೆಲವದರಲ್ಲಿ ಅಲ್ಯುಮಿನಿಯಂ ಚೂರು ಬೆರೆಸಿರುತ್ತಾರೆ. ಕಾರವಾರದ ಬಿಣಗಾದಲ್ಲೇ ಕಾಸ್ಟಿಕ್ ಸೋಡಾ ತಯಾರಿಸುವ ಕಾರ್ಖಾನೆ ಇದೆ, ಆದರೂ ಮನೆಬಳಕೆಗೆ ಕೊಳ್ಳಬೇಕಾದದ್ದು ರಾಸಾಯನಿಕದ ಅಂಗಡಿಯಲ್ಲಿ ಮುಚ್ಚಿದ ಡಬ್ಬಿಯಲ್ಲಿ ಸಿಗುವ, ಶೇ. 98ರಷ್ಟು ಶುದ್ಧ ಎಂದು ಬರೆದಿರುವ ಚಕ್ಕೆ. ತೆರೆದಿಟ್ಟರೆ ನಮ್ಮ ಹವೆಯಲ್ಲಿ ಅದು ನೀರು ಕುಡಿದು ಮುದ್ದೆಯಾಗುತ್ತದೆ. ಆಗ ತೂಗಿದ 72 ಗ್ರಾಂನಲ್ಲಿ ಸೋಡಾ ಕಡಿಮೆ, ನೀರು ಹೆಚ್ಚು ಇರುತ್ತದೆ, ಸೋಪು ಮೆತ್ತಗೆ ಉಳಿದು ಎಣ್ಣೆ ಬಿಡುತ್ತದೆ. ಮುದ್ದೆಯಾದದ್ದನ್ನು ಸೋಪಿಗೆ ಬಳಸಬೇಡಿ.

ಅಲ್ಯುಮಿನಿಯಂ, ಹಿಂಡಾಲಿಯಂ ಪಾತ್ರೆ ಎರಡಕ್ಕೂ ಸೋಡಾ ತಾಗಬಾರದು. ಲೋಹವನ್ನು ತಿಂದು, ಉರಿಯುವ ಹೈಡ್ರೋಜನ್ ಅನಿಲ ಬಿಡುತ್ತದೆ. ತಾಮ್ರ, ಹಿತ್ತಾಳೆ ತಾಗಿದರೆ ಸೋಪು ಬೇಗ ಕಮಟುತ್ತದೆ. ಸ್ಟೀಲ್ ಪಾತ್ರೆ, ಕೆಳಗೆ 5 ಅಂಕೆ ಇರುವ ಗಟ್ಟಿ ಪ್ಲಾಸ್ಟಿಕ್ ಜಗ್ಗು, ಸಿಲಿಕೋನ್ ಚಮಚ ಸಾಕು. ಮರದ ಕಡೆಗೋಲು ಬೇಡ, ಸೋಡಾ ಅದರ ನಾರು ಬಿಡಿಸುತ್ತದೆ.

ನೀರು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದರೆ ಒಳ್ಳೆಯದು. ಕರಾವಳಿಯ ಬಾವಿ ನೀರಿನ ಉಪ್ಪು, ಬೋರ್‌ವೆಲ್ಲಿನ ಸುಣ್ಣದ ಅಂಶ ಎರಡೂ ಸೋಪಿಗೆ ತೊಂದರೆ.

ಕೈಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಹಾಕಿಕೊಂಡು ಹಿತ್ತಿಲಿನ ಜಗಲಿಯಲ್ಲಿ, ಮಕ್ಕಳು, ದನ, ನಾಯಿ ಬಾರದ ಕಡೆ ಸೋಡಾ ಕರಗಿಸಿ. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕರಗುವಾಗ ಬಿಸಿ 80 ಡಿಗ್ರಿ ದಾಟುತ್ತದೆ, ಹಬೆಯನ್ನು ಉಸಿರಾಡಬೇಡಿ. ಮೈಮೇಲೆ ಬಿದ್ದರೆ ವಿನೆಗರ್ ಹುಡುಕಬೇಡಿ, ಹರಿಯುವ ನೀರಿನಲ್ಲಿ 15–20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಕಲಸುವ ಹದ

ಸೋಡಾದ ನೀರು ತಣಿಯುವಷ್ಟರಲ್ಲಿ ತೌಡಿನ ಎಣ್ಣೆಯಲ್ಲಿ 30 ಗ್ರಾಂ ಬದಿಗಿಟ್ಟು ಉಳಿದ ಎಣ್ಣೆಗಳನ್ನು ಕರಗಿಸಿ. ಆ 30 ಗ್ರಾಂ ಎಣ್ಣೆಗೆ ಓಟ್ಸ್ ಪುಡಿ ಹಾಕಿ ಗಂಟಿಲ್ಲದಂತೆ ಕಲಸಿಡಿ. ಈ ಎಣ್ಣೆ 200 ಗ್ರಾಂನ ಒಳಗಿನದೇ, ಹೊಸದಾಗಿ ಸೇರಿಸಿದ್ದಲ್ಲ. ಒಣ ಪುಡಿಯನ್ನು ನೇರ ಸುರಿದರೆ ಅದು ಮಿಶ್ರಣದ ನೀರನ್ನು ಹೀರಿ ಹೊರಗೆ ಒದ್ದೆ, ಒಳಗೆ ಒಣಹಿಟ್ಟು ಇರುವ ಗಂಟುಗಳಾಗುತ್ತದೆ. ಸೋಪು ಕತ್ತರಿಸಿದಾಗ ಬಿಳಿ ಕಣ್ಣಿನಂತೆ ಕಾಣುವುದು ಅವೇ. ನೀರಲ್ಲಿ ಕಲಸಿದರೆ ಅಂಟು. ಎಣ್ಣೆಯಲ್ಲಿ ಕಲಸಿದರೆ ಪ್ರತಿ ಕಣಕ್ಕೂ ಒಂದು ಹೊದಿಕೆ ಬಂದು ಎರಡೂ ತಪ್ಪುತ್ತದೆ.

ಎಣ್ಣೆ, ಸೋಡಾದ ನೀರು ಎರಡೂ 38ರಿಂದ 43 ಡಿಗ್ರಿಯೊಳಗೆ ಬಂದಾಗ ಸೇರಿಸಿ. ಡಿಸೆಂಬರ್, ಜನವರಿಯ ಶಿರಸಿ ಚಳಿಯಲ್ಲಿ ಈ ಅಳತೆ ಮುಖ್ಯ. 24 ಡಿಗ್ರಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಮುರುಗಲು ತುಪ್ಪ ಅದಕ್ಕೂ ಮೊದಲೇ ಗಟ್ಟಿಯಾಗುತ್ತದೆ. ತಣ್ಣಗಾದ ತುಪ್ಪ ದಪ್ಪವಾಗುವುದನ್ನೇ ಸೋಪಾಯಿತು ಎಂದು ತಿಳಿದು ಅಚ್ಚಿಗೆ ಸುರಿದರೆ ಮಾರನೇ ದಿನ ಕೆಳಗೆ ಸೋಡಾದ ನೀರು ನಿಂತಿರುತ್ತದೆ.

ಹ್ಯಾಂಡ್ ಬ್ಲೆಂಡರಿನಲ್ಲಿ ಕೆಲವು ಸೆಕೆಂಡು ತಿರುಗಿಸಿ, ನಿಲ್ಲಿಸಿ ಕೈಯಲ್ಲಿ ಕಲಕಿ, ಮತ್ತೆ ತಿರುಗಿಸಿ. ಎರಡರಿಂದ ಐದು ನಿಮಿಷದಲ್ಲಿ ಎಣ್ಣೆಯ ಹೊಳಪು ಹೋಗಿ ಮೊದಲು ತೆಳ್ಳೇವಿನ, ಅಂದರೆ ನೀರುದೋಸೆಯ ಹಿಟ್ಟಿನ ಹದ ಬರುತ್ತದೆ. ಆಗ ಓಟ್ಸ್ ಹಾಕಬೇಡಿ, ತಳಕ್ಕೆ ಇಳಿಯುತ್ತದೆ. ಇನ್ನಷ್ಟು ಕಲಕಿದರೆ ದೋಸೆ ಹಿಟ್ಟಿನ ಹದ: ಚಮಚದಿಂದ ಬಿಟ್ಟ ಧಾರೆ ಮೇಲ್ಮೈಯಲ್ಲಿ ಎರಡು ಮೂರು ಸೆಕೆಂಡು ಗೆರೆಯಾಗಿ ನಿಂತು ಮುಳುಗುತ್ತದೆ. ಟ್ರೇಸ್ ಎಂದು ಕರೆಯುವುದು ಇದನ್ನೇ. ಬ್ಲೆಂಡರ್ ಬದಿಗಿಟ್ಟು ಓಟ್ಸ್ ಕಲಸಿದ ಎಣ್ಣೆಯನ್ನು ಈಗ ಸುರಿದು, ಪಾತ್ರೆಯ ತಳ, ಅಂಚು ಬಿಡದೆ ಕೈಯಲ್ಲೇ ಒಂದು ನಿಮಿಷ ಕಲಸಿ. ಇಡ್ಲಿ ಹಿಟ್ಟಿನಷ್ಟು ದಪ್ಪವಾಗುವವರೆಗೆ ಕಾದರೆ ಅಚ್ಚಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ.

ಸುವಾಸನೆ ಬೇಕೆನ್ನುವವರು ಲಾವಂಚ ಅಥವಾ ಮಜ್ಜಿಗೆಹುಲ್ಲಿನ ಎಣ್ಣೆಯನ್ನು 5 ಗ್ರಾಂ ಮೀರದಂತೆ ಓಟ್ಸಿಗಿಂತ ಮೊದಲು ಹಾಕಿ. ಲವಂಗ, ದಾಲ್ಚಿನ್ನಿ ಎಣ್ಣೆ ಹಾಕಿದರೆ ಮಿಶ್ರಣ ಕೈಯಲ್ಲೇ ಗಟ್ಟಿಯಾಗುತ್ತದೆ, ಚರ್ಮಕ್ಕೂ ಉರಿ. ಸೂಕ್ಷ್ಮ ಚರ್ಮಕ್ಕೆಂದು ಓಟ್ಸ್ ಸೋಪು ಮಾಡುವುದಾದರೆ ಸುವಾಸನೆಯನ್ನೇ ಬಿಡುವುದು ಸರಿ.

ಅಚ್ಚು, ಕತ್ತರಿಸುವುದು

ಬಟರ್ ಪೇಪರ್ ಹಾಸಿದ 20 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಮರದ ಪೆಟ್ಟಿಗೆ ಈ ಅಳತೆಗೆ ಸರಿಹೋಗುತ್ತದೆ. ಸುರಿದು ನೆಲಕ್ಕೆ ನಾಲ್ಕು ಸಲ ಕುಟ್ಟಿ. ಮೇಲೆ ಓಟ್ಸ್ ಚಕ್ಕೆ ಉದುರಿಸುವ ಆಸೆಯಾದರೆ ಒಂದು ಚಿಟಿಕೆಗೆ ನಿಲ್ಲಿಸಿ.

ಏಪ್ರಿಲ್, ಮೇ ಸೆಖೆಯಲ್ಲಿ ಕಾರವಾರ, ಅಂಕೋಲಾ, ಕುಮಟಾ ಕಡೆ ಅಚ್ಚನ್ನು ಹೊದಿಸಲೇಬೇಡಿ, ಒಳಗಿನ ಶಾಖಕ್ಕೇ ನಡು ಉಬ್ಬಿ ಬಿರಿಯುತ್ತದೆ. ಚಳಿಗಾಲದಲ್ಲಿ ಘಟ್ಟದ ಮೇಲೆ ಟವೆಲ್ ಸುತ್ತಿಡಿ, ಇಲ್ಲವೆಂದರೆ ನಡುವೆ ಕಡುಬಣ್ಣದ ವೃತ್ತ, ಸುತ್ತ ತಿಳಿಬಣ್ಣ ಆಗುತ್ತದೆ. ಅದರಿಂದ ಕೆಡುಕಿಲ್ಲ, ನೋಡಲಷ್ಟೇ.

24ರಿಂದ 48 ಗಂಟೆಯಲ್ಲಿ, ಬೆರಳಲ್ಲಿ ಒತ್ತಿದರೆ ಗಟ್ಟಿ ಚೀಸಿನಂತೆ ಅನಿಸಿದಾಗ ಕತ್ತರಿಸಿ. ಬರೀ ಕೊಬ್ಬರಿ ಎಣ್ಣೆಯದಾದರೆ ಅದೇ ದಿನ, ಗಟ್ಟಿಯಾದ ಕೂಡಲೇ ಕತ್ತರಿಸದಿದ್ದರೆ ಕಲ್ಲಾಗಿ ಒಡೆಯುತ್ತದೆ. ಮೇಲೆ ಚಕ್ಕೆ ಇದ್ದರೆ ಗಟ್ಟಿಯನ್ನು ಮಗ್ಗುಲಾಗಿ ಮಲಗಿಸಿ ಬದಿಯಿಂದ ಕತ್ತರಿಸಿ. ನೆಟ್ಟಗೆ ಇಟ್ಟು ಮೇಲಿನಿಂದ ಚೂರಿ ಇಳಿಸಿದರೆ ಚಕ್ಕೆ ಚೂರಿಯೊಂದಿಗೆ ಕೆಳಗೆ ಎಳೆದುಕೊಂಡು ಹೋಗಿ ಬಿಲ್ಲೆಯ ಮುಖದ ಮೇಲೆ ಉದ್ದುದ್ದ ಗೀರು ಬೀಳುತ್ತದೆ.

ಒಣಗಿಸುವುದು

ಕನಿಷ್ಠ ನಾಲ್ಕು ವಾರ, ಆರು ವಾರ ಆದರೆ ಉತ್ತಮ. ಮೃಗಶಿರಾ ಮಳೆಯಿಂದ ಹಸ್ತಾ ಮಳೆವರೆಗೆ ಮಾಡಿದ್ದಕ್ಕೆ ಎಂಟು ವಾರ ಹಿಡಿಯಿರಿ. ತಿಂಗಳಲ್ಲಿ ನೀರಿನ ಅಂಶ ಹೋಗಿ ಬಿಲ್ಲೆ ಹತ್ತಕ್ಕೆ ಒಂದು ಪಾಲಾದರೂ ಹಗುರಾಗಬೇಕು. ಒಂದು ಬಿಲ್ಲೆಯ ತೂಕವನ್ನು ವಾರಕ್ಕೊಮ್ಮೆ ಬರೆದಿಡಿ. ಎರಡು ವಾರ ತೂಕ ಇಳಿಯದೆ ನಿಂತರೆ ಒಣಗಿದಂತೆ.

ಅಡಿಕೆ ಒಣಗಿಸುವ ಡ್ರೈಯರಿನಲ್ಲಿ ಇಡಬೇಡಿ. ಶಾಖಕ್ಕೆ ಸೋಪು ಬೆವರಿ ಮೆತ್ತಗಾಗುತ್ತದೆ, ಹೊಗೆ ವಾಸನೆ ಹೀರಿದರೆ ಮತ್ತೆ ಹೋಗದು. ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೂ ಇದೇ ಮಾತು. ಮಳೆಗಾಲದಲ್ಲಿ ಅಡಿಕೆ ಹಾಳೆಯ ಮೇಲೆ ಇಟ್ಟರೆ ಹಾಳೆಗೇ ಬೂಷ್ಟು ಬಂದು ಸೋಪಿಗೆ ದಾಟುತ್ತದೆ. ಪ್ಲಾಸ್ಟಿಕ್ ಜಾಲರಿ ಬುಟ್ಟಿಯಲ್ಲಿ ಬಿಲ್ಲೆಗಳ ನಡುವೆ ಒಂದು ಬೆರಳು ಅಂತರ ಬಿಟ್ಟು, ಒಳಮನೆಯಲ್ಲಿ ಫ್ಯಾನ್ ಗಾಳಿ ಬರುವ ಕಡೆ ಇಡಿ. ಎರಡು ದಿನಕ್ಕೊಮ್ಮೆ ಮಗುಚಿ. ಮೇಲೆ ಸಣ್ಣ ನೀರಹನಿ ಕಂಡರೆ ಗಾಬರಿ ಬೇಡ, ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದದ್ದು. ಒರೆಸದೆ ಗಾಳಿಗೆ ಬಿಡಿ.

ಬಳಸುವ ಮುನ್ನ ಒದ್ದೆ ಬೆರಳಲ್ಲಿ ಸೋಪು ತಿಕ್ಕಿ ನಾಲಿಗೆಯ ತುದಿಗೆ ಮುಟ್ಟಿಸಿ. ಸೋಪಿನ ರುಚಿ ಮಾತ್ರ ಬಂದರೆ ಸರಿ. ಕರೆಂಟ್ ಹೊಡೆದಂತೆ ಚುರ್ ಎಂದರೆ ಸೋಡಾ ಉಳಿದಿದೆ. ಎಂಟು ವಾರದ ಮೇಲೂ ಹಾಗೇ ಇದ್ದರೆ ಮೈಗೆ ಹಚ್ಚಬೇಡಿ.

ಏನು ಕೆಟ್ಟಿತು ಎಂದು ಗುರುತಿಸುವುದು

ಪುಡಿಯೆಲ್ಲ ಬಿಲ್ಲೆಯ ಒಂದೇ ಬದಿಗೆ ಪಟ್ಟಿಯಾಗಿ ಕೂತಿದ್ದರೆ ಹದ ಬರುವ ಮೊದಲೇ ಹಾಕಿದ್ದೀರಿ, ಇಲ್ಲವೇ ಪುಡಿ ಒರಟಾಗಿತ್ತು. ಬಿಲ್ಲೆ ಬಳಸಲು ಅಡ್ಡಿಯಿಲ್ಲ. ಕಿತ್ತಳೆ ಬಣ್ಣದ ಚುಕ್ಕೆ, ಹಳೇ ಎಣ್ಣೆಯ ವಾಸನೆ ಬಂದರೆ ಉಳಿದ ಎಣ್ಣೆ ಕಮಟಿದೆ. ಹಳೆಯ ಎಣ್ಣೆ, ಹಳೆಯ ಓಟ್ಸ್ ಪುಡಿ ಅಥವಾ ಉದ್ದದ ಮಳೆಗಾಲ ಕಾರಣವಾಗಿರಬಹುದು. ನಯವಾದ ಪುಡಿಯ ಮೇಲೆ ಬೂಷ್ಟು ಅಪರೂಪ, ಏಕೆಂದರೆ ಒಳಗೆ ಹುದುಗಿದ ಕಣಕ್ಕೆ ಸೋಪಿನ ಕ್ಷಾರವೇ ಕಾವಲು. ಬೂಷ್ಟು ಹಿಡಿಯುವುದು ಮೇಲ್ಮೈಯಲ್ಲಿ ಅಂಟಿಸಿದ ಚಕ್ಕೆಗಳಿಗೆ. ಬಣ್ಣ ಹಾಲಿನ ಬಿಳುಪಿನಿಂದ ತಿಳಿಕಂದಿಗೆ ತಿರುಗುವುದು ಸಹಜ, ಅದನ್ನು ತಪ್ಪು ಎನ್ನಬಾರದು.

ಓಟ್ಸ್ ಹಾಲು, ಜೇನು

ನೀರಿನ ಬದಲು ಓಟ್ಸ್ ನೆನೆಸಿ ರುಬ್ಬಿದ ಹಾಲು ಹಾಕಬೇಕೆನ್ನುವವರು ಪೂರ್ತಿ ಬದಲಿಸಬೇಡಿ. ಸೋಡಾಕ್ಕೆ ಅದರ ತೂಕದಷ್ಟು ನೀರು ಇದ್ದರೆ ಕರಗುತ್ತದೆ. 72 ಗ್ರಾಂ ಸೋಡಾವನ್ನು 75 ಗ್ರಾಂ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿದ 75 ಗ್ರಾಂ ಓಟ್ಸ್ ಹಾಲನ್ನು ಎಣ್ಣೆಗೆ ಸೇರಿಸಿ ಬ್ಲೆಂಡ್ ಮಾಡಿ, ಆಮೇಲೆ ಸೋಡಾದ ನೀರು ಹಾಕಿ. ಈ ದಟ್ಟ ಸೋಡಾದ ನೀರು ಇನ್ನೂ ಹೆಚ್ಚು ಕಾಯುತ್ತದೆ, ಮೈಗೆ ತಾಗಿದರೆ ಅಪಾಯವೂ ಹೆಚ್ಚು. ಹಾಲಿಗೇ ಸೋಡಾ ಸುರಿದರೆ ಜಗ್ಗಿನಲ್ಲಿ ಕಿತ್ತಳೆಗಂದು ಬಣ್ಣದ ಮುದ್ದೆ ನಿಲ್ಲುತ್ತದೆ. ಹಾಲು ಹಾಕಿದ ಸಲ ಪುಡಿಯನ್ನು 5 ಗ್ರಾಂಗೆ ಇಳಿಸಿ.

ತುಡುವೆ ಜೇನು ಮನೆಯಲ್ಲಿದ್ದರೆ ಓಟ್ಸ್ ಜೊತೆ ಹೊಂದುತ್ತದೆ, 500 ಗ್ರಾಂ ಎಣ್ಣೆಗೆ ಒಂದು ಸಣ್ಣ ಚಮಚ ಮಾತ್ರ. ಸಕ್ಕರೆಯ ಅಂಶ ಸೋಪನ್ನು ಬಿಸಿ ಮಾಡುತ್ತದೆ, ಹೆಚ್ಚಾದರೆ ಅಚ್ಚಿನಿಂದ ಉಕ್ಕುತ್ತದೆ. ಜೇನು ಹಾಕಿದ ದಿನ ಚಳಿಯಿದ್ದರೂ ಹೊದಿಸಬೇಡಿ.

ಚರ್ಮದ ವಿಷಯ

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರಲ್ಲಿ ಕೊಲಾಯ್ಡಲ್ ಓಟ್‌ಮೀಲನ್ನು ಚರ್ಮರಕ್ಷಕವೆಂದು ಒಪ್ಪಿದ್ದು ನಿಜ. ಅದು ಸ್ನಾನದ ನೀರಿಗೆ ಹಾಕಿ ನೆನೆಯುವ, ಮೈಗೆ ಲೇಪಿಸಿ ಬಿಡುವಂಥ ಬಳಕೆಯ ಮಾತು. ಸೋಪು ಮೈಮೇಲೆ ಇರುವುದು ಒಂದು ನಿಮಿಷ, ಅದರ ಕ್ಷಾರಗುಣವೂ 9–10 ಪಿಎಚ್‌ನಷ್ಟು. ಹಾಗಾಗಿ ಓಟ್ಸ್ ಸೋಪಿನಿಂದ ಇಸಬು ವಾಸಿಯಾಗುತ್ತದೆ ಎಂದು ಯಾರಿಗೂ ಹೇಳಬೇಡಿ. ನೊರೆಗೆ ಬರುವ ನಯ, ತಿಕ್ಕುವಾಗಿನ ಮೃದು ಉಜ್ಜು, ಇಷ್ಟು ಖಂಡಿತ ಸಿಗುತ್ತದೆ, ಹೆಸರು ಹಿಟ್ಟು ಹಚ್ಚಿ ಮಿಂದಾಗ ಸಿಗುವಂಥದ್ದು. ಚರ್ಮದ ತೊಂದರೆ ಇರುವ ಮಕ್ಕಳಿಗೆ ಓಟ್ಸೇ ಒಗ್ಗದಿರಬಹುದು. ಮೊಣಕೈ ಒಳಭಾಗಕ್ಕೆ ಹಚ್ಚಿ ತೊಳೆದು ಒಂದು ದಿನ ಕಾದು ನೋಡಿ. ಮಾರಾಟಕ್ಕೆ ಮಾಡುವುದಾದರೆ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಿಕೆಯ ಪರವಾನಗಿ ಬೇಕು.

ಬಚ್ಚಲಲ್ಲಿ ಬಿಲ್ಲೆಯನ್ನು ನೀರು ನಿಲ್ಲುವ ಡಬ್ಬಿಯಲ್ಲಿಡಬೇಡಿ, ಓಟ್ಸ್ ಇರುವ ಸೋಪು ಬೇರೆಯದಕ್ಕಿಂತ ಬೇಗ ಕರಗುತ್ತದೆ. ಬಲಿತು ಒಣಗಿದ ತುಪ್ಪೀರೆಯ ನಾರನ್ನು ಎರಡು ಬೆರಳು ದಪ್ಪಕ್ಕೆ ಕತ್ತರಿಸಿ ಅದರ ಮೇಲಿಟ್ಟರೆ ನೀರು ಬಸಿದು, ಕೆಳಗಿನಿಂದಲೂ ಗಾಳಿ ಆಡುತ್ತದೆ. ನಾರಿಗೆ ಅಂಟಿದ ಸೋಪಿನ ಲೋಳೆಯಲ್ಲೇ ಅಂಗಾಲು ತಿಕ್ಕಿಕೊಳ್ಳಬಹುದು.